ಹನ್ನೊಂದು ಬೆಳಗಿನ ಸುಳ್ಳು

ಲೇಡೀಸ್ ಹಾಸ್ಟೆಲ್, ತುಮಕೂರು
14 ಮೇ, ಬುಧವಾರ ಸಂಜೆ

ನನ್ನ ಅಜ್ಜಿ ಕಲ್ಲಮ್ಮನಿಗೆ ಸುಮನಾ ಮಾಡುವ ಶರಣು.

ಮೊದಲು ಕನ್ನಡಕ ಹಾಕಿಕೊ ಅಜ್ಜಿ. ಕುರ್ಚಿಯ ಮೇಲೆ ಕೂತುಕೊಂಡು ಓದು. ಈ ಪತ್ರವನ್ನು ಪೋಸ್ಟ್ ಮಾಡುತ್ತಿಲ್ಲ. ನಾಳೆ ಫಸ್ಟ್ ಬಸ್ಸಿಗೆ ನಾನೇ ಗುಬ್ಬಿಗೆ ತಂದು ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೂ ಹೊರಗೆ ಜಗಲಿಯ ಮೇಲೆ ಕೂರುತ್ತೇನೆ. ಬಾಯಲ್ಲಿ ಹೇಳಲಿಕ್ಕೆ ನಿನಗೇನು ಬಂದಿತ್ತು ಅಂತ ಕೇಳುತ್ತೀಯ. ಹನ್ನೊಂದು ದಿನದಿಂದ ಅದನ್ನೇ ಟ್ರೈ ಮಾಡುತ್ತಿದ್ದೇನೆ. ಬೆಳಿಗ್ಗೆ ಎಂಟೂವರೆಗೆ ನಿನ್ನ ಫೋನ್ ಬರುತ್ತದೆ. "ಪೂಜೆ ಆಯ್ತೇನವ್ವಾ?" ಅನ್ನುತ್ತೀಯ. ನನ್ನ ಬಾಯಿ ನನ್ನನ್ನು ಕೇಳದೆಯೇ "ಆಯ್ತಜ್ಜಿ" ಅಂದುಬಿಡುತ್ತದೆ. "ಹಂಗಾದ್ರೆ ನಾನೂ ಉಣ್ತೀನಿ ಬುಡು" ಅಂತ ನೀನು ಫೋನ್ ಇಡುತ್ತೀಯ.

ಆಗಿಲ್ಲ ಅಜ್ಜಿ. ಹನ್ನೊಂದು ದಿನದಿಂದ ನನ್ನ ಪೂಜೆ ಆಗಿಲ್ಲ. ನನ್ನ ಕೊರಳಲ್ಲಿ ಲಿಂಗವೇ ಇಲ್ಲ. ಕಳೆದುಹೋಗಿದೆ.

ಇಲ್ಲಿಗೇ ನಿಲ್ಲಿಸಬೇಡ, ಮುಂದೆ ಓದು.

ಆರನೇ ಕ್ಲಾಸಿಗೆ ನನ್ನನ್ನು ರೆಸಿಡೆನ್ಶಿಯಲ್ ಸ್ಕೂಲಿಗೆ ಬಿಟ್ಟ ದಿನ ನೀನೇ ಶಿವದಾರ ಹೊಸೆದು, ಬೆಳ್ಳಿಯ ಕರಡಿಗೆಯಲ್ಲಿ ಲಿಂಗ ಇಟ್ಟು ನನ್ನ ಕೊರಳಿಗೆ ಕಟ್ಟಿದೆ. ಅಲ್ಲಿ ನಿನ್ನನ್ನ ನೋಡೋರು ಯಾರೂ ಇರಲ್ಲ, ನೀನು ಪೂಜೆ ಮಾಡಿ ಉಣ್ಣು, ನೀನುಂಡ ಮೇಲೆ ನಾನು ಉಣ್ತೀನಿ ಅಂದೆ. ನಿನ್ನ ಹೊಟ್ಟೆಯನ್ನು ನನ್ನ ಕೈಗೆ ಕೊಟ್ಟುಬಿಟ್ಟೆ. ಆಗ ನನ್ನ ಹತ್ತಿರ ಫೋನ್ ಇರಲಿಲ್ಲ, ನೀನು ಸ್ಕೂಲಿನ ತಿಂಡಿ ಬೆಲ್ಲಿನ ಟೈಮ್ ಕೇಳಿಕೊಂಡು ಹೋಗಿದ್ದೆ. ನಾನು ಒಂದು ದಿನವೂ ತಪ್ಪಿಸಿರಲಿಲ್ಲ. ಹುಡುಗಿಯರು "ಏನೇ ಅದು ಬೆಳ್ಳಿ ಮೊಟ್ಟೆ" ಅಂತ ರೇಗಿಸಿದಾಗಲೂ ತಪ್ಪಿಸಿರಲಿಲ್ಲ.

ಮೇ ಒಂದರಿಂದ ನಾಲ್ಕರವರೆಗೆ ಕೋರದಲ್ಲಿ ಎನ್ನೆಸ್ಸೆಸ್ ಕ್ಯಾಂಪ್ ಅಂತ ಹೇಳಿದ್ದೆನಲ್ಲ, ಅದು ಸುಳ್ಳು. ಆವಾಗ ನೀನು ಫೋನಿನಲ್ಲಿ "ಅದೇನು ಮಗಾ ಹಂಗೆ ಸದ್ದು?" ಅಂದೆ. ಹೈವೇ ಅಜ್ಜಿ, ಲಾರಿ ಹೋಗ್ತಾ ಇದಾವೆ ಅಂದೆ. ಅದು ಸಮುದ್ರ. ನಾನು ಉತ್ತರ ಕನ್ನಡದಲ್ಲಿದ್ದೆ, ಅಘನಾಶಿನಿ ನದಿ ಸಮುದ್ರಕ್ಕೆ ಸೇರುವ ಕಡೆ.

ಒಬ್ಬಳೇ ಹೋಗಿರಲಿಲ್ಲ. ಅವನ ಹೆಸರು ಮೋಹನ್‌ಕುಮಾರ್. ಕುಣಿಗಲ್‌ನವನು, ನಮ್ಮ ಕಾಲೇಜಿನಲ್ಲೇ ಫೈನಲ್ ಇಯರ್. ನಮ್ಮವರಲ್ಲ. ಅವನಕ್ಕ ಸುಧಾ ಅಲ್ಲೊಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರ್. ಕುಣಿಗಲ್‌ನಲ್ಲಿ ಕಾರವಾರದ ರೈಲು ಹತ್ತಿ ಕುಮಟಾದಲ್ಲಿ ಇಳಿದೆವು. ಅವರ ಮನೆಯಲ್ಲೇ ಉಳಿದದ್ದು. ಸುಧಕ್ಕ ಬಾಗಿಲಲ್ಲೇ ನಿಂತು, "ಏನ್ಲಾ ಮೋಹ, ಇವಳು ನನ್ನ ಜೊತೆ ಮಲಗ್ತಾಳೆ. ನೀನು ಸ್ಕೂಲ್ ಜಗಲೀಲಿ ಸೊಳ್ಳೆ ಜೊತೆ ಮಲಗು" ಅಂದರು. ಹಾಗೇ ಮಲಗಿದ. ಮೂರು ದಿನವೂ ಮುಖ ಊದಿಕೊಂಡು ಬರುತ್ತಿದ್ದ. ಇದನ್ನು ಯಾಕೆ ಬರೆದೆ ಅಂತ ನಿನಗೆ ಅರ್ಥವಾಗುತ್ತದೆ.

ಅಜ್ಜಿ, ನೀನು ಸಮುದ್ರ ನೋಡಿಲ್ಲ. ಬೈಸಿಕೊಳ್ಳುವ ಪತ್ರದಲ್ಲಿ ಇದನ್ನೆಲ್ಲ ಬರೆಯಬಾರದೇನೋ. ಆದರೆ ಬರೆಯದಿದ್ದರೆ ಅದೂ ಮುಚ್ಚಿಟ್ಟ ಹಾಗೆ ಆಗುತ್ತದೆ. ಅಲ್ಲಿ ಹೋಟೆಲ್ ಇಲ್ಲ, ಟೂರಿಸ್ಟ್ ಬಸ್ ಇಲ್ಲ. ಕೆಂಪು ಕಲ್ಲಿನ ಗುಡ್ಡ ಹತ್ತಿದರೆ ಕೆಳಗೆ ಮರಳು, ಮರಳಿನ ಮೇಲೆ ಏಡಿ ಓಡಿದ ಗುರುತು ಬಿಟ್ಟರೆ ಒಬ್ಬರ ಹೆಜ್ಜೆಯೂ ಇರಲಿಲ್ಲ. ಗುಡ್ಡದ ಮೇಲಿನ ಹುಲ್ಲು ಒಣಗಿ, ಗಾಳಿ ಬಂದಾಗ ತೆನೆ ಕಟ್ಟಿದ ರಾಗಿ ಹೊಲದ ಹಾಗೆ ಒಂದೇ ಕಡೆಗೆ ಬಾಗುತ್ತಿತ್ತು. ಗೇರುಹಣ್ಣು ಬಿದ್ದು ದಾರಿಯೆಲ್ಲ ಒಂಥರಾ ಹುಳಿ ವಾಸನೆ. ನದಿಯ ದಡದಲ್ಲಿ ಕಾಂಡ್ಲಾ ಗಿಡಗಳು, ಅವುಗಳ ಬೇರು ನೆಲದಿಂದ ಮೇಲಕ್ಕೆ ಬೆರಳಿನ ಹಾಗೆ ಎದ್ದಿರುತ್ತವೆ. ದೋಣಿಯಲ್ಲಿ ಹೋಗುವಾಗ ಮೋಹನ್ ಒಂದು ಹಕ್ಕಿ ತೋರಿಸಿ ಹೆಸರು ಹೇಳಿದ. ದೋಣಿಯವರು ನಕ್ಕು, ಅದು ಅಲ್ಲ ಅಂದರು. ಇನ್ನೊಂದು ಹೆಸರು ಹೇಳಿದ, ಅದೂ ಅಲ್ಲ. ನಾನು ಅಷ್ಟು ನಕ್ಕಿದ್ದು ಯಾವಾಗಲೋ. ಹಾಸ್ಟೆಲಿನಲ್ಲಿ ಎಂಟು ವರ್ಷ ಬೆಲ್ಲು ಕೇಳಿ ಎದ್ದು, ಬೆಲ್ಲು ಕೇಳಿ ಉಂಡವಳು ನಾನು. ಅಲ್ಲಿ ಬೆಲ್ಲೇ ಇರಲಿಲ್ಲ. ಸದಾ ಎದೆಯೊಳಗೆ ಒದ್ದಾಡುವ ಆ ಟೆನ್ಷನ್ ಎರಡು ದಿನ ಎಲ್ಲಿ ಹೋಗಿತ್ತೋ ಗೊತ್ತಿಲ್ಲ.

ಮೂರನೇ ದಿನ, ಶನಿವಾರ. ಬೆಳಿಗ್ಗೆ ಪೂಜೆ ಮಾಡಿದೆ, ನಿನ್ನ ಫೋನಿಗೆ "ಆಯ್ತು" ಅಂದೆ. ಅದೇ ಕೊನೆಯ ನಿಜವಾದ "ಆಯ್ತು".

ಹತ್ತು ಗಂಟೆಗೆ ನದಿಯ ಹತ್ತಿರ ಹೋದೆವು. ನೀರು ಬಹಳ ದೂರ ಹೋಗಿತ್ತು, ಕೆಸರು ನೆಲ ಅರ್ಧ ಮೈಲಿ ಬಿಚ್ಚಿಕೊಂಡಿತ್ತು. ಊರಿನ ಹೆಂಗಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಕಾಲಿನಿಂದಲೇ ತಡವಿ ಬಳಚು ಆರಿಸುತ್ತಿದ್ದರು. ಬಳಚು ಅಂದರೆ ಚಿಪ್ಪಿನೊಳಗಿನ ಮೀನಿನಂಥದ್ದು, ಅವರ ಊಟ ಅದೇ, ಸಂಪಾದನೆಯೂ ಅದೇ. "ಬಾ ಹುಡುಗಿ, ಕಾಲಿಗೆ ಸಿಗ್ತದೆ ನೋಡು" ಅಂತ ಒಬ್ಬರು ಕರೆದರು. ನನಗೆ ಇಳಿಯಬೇಕೆನಿಸಿತು.

ಆಗ ಯೋಚನೆ ಬಂತು. ಆ ಬುಟ್ಟಿಯ ನೀರು, ಆ ಚಿಪ್ಪಿನ ನೀರು ಲಿಂಗಕ್ಕೆ ತಾಗಬಾರದು. ಅಜ್ಜಿ ಕೇಳಿದರೆ ಏನಂತಾಳೆ! ದೇವರಾಣೆ ಅಜ್ಜಿ, ನಾನು ಯೋಚಿಸಿದ್ದು ಅದನ್ನೇ. ಶಿವದಾರ ಬಿಚ್ಚಿದೆ. ಒಗೆದ ಕರ್ಚೀಫಿನಲ್ಲಿ ಕರಡಿಗೆಯನ್ನು ಸುತ್ತಿದೆ. ನೆಲದ ಮೇಲೆ ಇಡಬಾರದಲ್ಲ, ನನ್ನ ಎದೆಯೆತ್ತರದ ಒಂದು ಬಂಡೆ ಇತ್ತು, ಒಣಗಿ ಬೆಳ್ಳಗಿತ್ತು. ಅದರ ನೆತ್ತಿಯ ಮೇಲೆ ಇಟ್ಟೆ. ಮೈಯಿಂದ ಬೇರೆ ಮಾಡಬೇಡ ಅಂತ ನೀನು ಹೇಳಿದ್ದು ನೆನಪಿತ್ತು. ಮೈಲಿಗೆಯ ಭಯ ಅದಕ್ಕಿಂತ ದೊಡ್ಡದಾಗಿ ಕಂಡಿತು. ನಮ್ಮ ಕೆರೆಯಲ್ಲಿ ಬೆಳಿಗ್ಗೆ ಇದ್ದ ನೀರು ಸಂಜೆಗೂ ಅಲ್ಲೇ ಇರುತ್ತದೆ. ಏರಿಯ ಮೇಲೆ ಇಟ್ಟ ಬಟ್ಟೆಯನ್ನು ನೀರು ಬಂದು ಒಯ್ಯುತ್ತದೆಯೆ? ಸಮುದ್ರದ ಉಬ್ಬರ, ಇಳಿತ ಅಂತ ಎಕ್ಸಾಮಿಗೆ ಬರೆದು ಮಾರ್ಕ್ಸ್ ತಗೊಂಡವಳು ನಾನು. ಆ ಬಿಳೀ ಬಂಡೆ ದಿನಕ್ಕೆರಡು ಸಲ ಮುಳುಗುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ.

ಒಂದು ಗಂಟೆ ನೀರಿನಲ್ಲಿದ್ದು ಹೊರಗೆ ಬಂದು, ದಂಡೆಯ ಹೊನ್ನೆ ಮರದ ಕೆಳಗೆ ಮೋಹನನ ಜೊತೆ ಮಾತಾಡುತ್ತಾ ಕೂತೆ. ಕರಡಿಗೆಯನ್ನು ಮರೆತೆ. ಹೆಂಗಸರು ಬುಟ್ಟಿ ಹೊತ್ತುಕೊಂಡು ಮೇಲೆ ಬಂದಾಗ ತಲೆಯೆತ್ತಿ ನೋಡಿದರೆ ಬಂಡೆಯೇ ಇಲ್ಲ. ಅಷ್ಟಗಲವೂ ನೀರು.

ಮೋಹನ್ ಹಾಕಿದ ಬಟ್ಟೆಯಲ್ಲೇ ಧುಮುಕಿದ. ಚಿಪ್ಪು ಕೊಯ್ದು ಎರಡೂ ಪಾದ ರಕ್ತವಾದರೂ ಹೊರಗೆ ಬರಲಿಲ್ಲ. ಸುದ್ದಿ ಕೇಳಿ ಮನೆಯಿಂದ ಓಡಿ ಬಂದ ಸುಧಕ್ಕ ಏನು ಕಳೆದಿದೆ ಅಂತ ಹೇಳಿದ ಮೇಲೆ ಆ ಹೆಂಗಸರೂ ಬುಟ್ಟಿ ಇಳಿಸಿ ಮತ್ತೆ ನೀರಿಗೆ ಹೋದರು. ಸಂಜೆ ನೀರು ಇಳಿದಾಗ ಬಂಡೆ ಮತ್ತೆ ಕಂಡಿತು. ಬರಿದಾಗಿತ್ತು. ಮಾರನೆಯ ದಿನ ಭಾನುವಾರ ನಾವು ಹೊರಡುವವರೆಗೂ ಅವರು ಸಾಲಾಗಿ ನಿಂತು ಕಾಲಿನಿಂದ ತಡವುತ್ತಿದ್ದರು. ಅವರ ಕಾಲಿಗೆ ಸಿಗಲಿಲ್ಲವೆಂದರೆ ಇನ್ನು ಯಾರಿಗೂ ಸಿಗುವುದಿಲ್ಲ.

ರೈಲಿನಲ್ಲಿ ಮೋಹನ್ "ಇನ್ನೊಂದು ತಗೊಳ್ಳೋಕಾಗಲ್ವಾ ಸುಮಿ?" ಅಂದ. ಅದು ಕೊಂಡು ಕಟ್ಟಿಕೊಳ್ಳುವಂಥದ್ದಲ್ಲ ಅಂತ ಅವನಿಗೆ ಗೊತ್ತಿಲ್ಲ, ಪಾಪ.

ಆಮೇಲೆ ನಾನೇ ಹೋಗಿ ಕೇಳಿದೆ ಅಜ್ಜಿ, ಅಂಗಡಿಯಲ್ಲಿ. "ಕಳೆದೋಯ್ತೇನಮ್ಮ? ಈ ಹಾಸ್ಟೆಲ್ ಮಕ್ಕಳು ಬೇಜಾನ್ ಕಳೀತಾರೆ. ಸೈಜ್ ಯಾವುದು?" ಅಂದರು. ಕೈಯಲ್ಲಿ ಹಿಡಿದು ನೋಡಿದೆ. ಕೊರಳಿಗೆ ಹಾಕಿಕೊಂಡು ನಾಳೆಯಿಂದ ಏನೂ ಆಗದ ಹಾಗೆ ಇರಬಹುದಿತ್ತು, ನಿನಗೆ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ವಾಪಸ್ ಇಟ್ಟು ಬಂದೆ.

ಮೂರು ದಿನ ಊಟ ಬಿಟ್ಟೆ. ನಾಲ್ಕನೇ ದಿನ ಲ್ಯಾಬಿನಲ್ಲಿ ಕಣ್ಣಿಗೆ ಕತ್ತಲೆ ಬಂತು. ರೂಮ್‌ಮೇಟ್ ಹರ್ಷಿತಾ ಮೆಸ್ಸಿಗೆ ಎಳೆದುಕೊಂಡು ಹೋಗಿ, "ಸಾಯ್ಬೇಡ ಕಣೇ, ಆಮೇಲೆ ವಾರ್ಡನ್‌ಗೆ ಉತ್ತರ ಹೇಳೋರ್ಯಾರು" ಅಂತ ಇಡ್ಲಿ ತಿನ್ನಿಸಿದಳು. ಆವತ್ತಿನಿಂದ ಉಣ್ಣುತ್ತಿದ್ದೇನೆ. ನಾನು ಹತ್ತೊಂಬತ್ತರವಳು, ಮೂರು ದಿನಕ್ಕೆ ನನಗೆ ದೊಡ್ಡದೇನೂ ಆಗಲಿಲ್ಲ. ನಿನಗೆ? ಹೋದ ಶಿವರಾತ್ರಿ ಉಪವಾಸದಲ್ಲಿ ನೀನು ಬಚ್ಚಲ ಹತ್ತಿರ ಬಿದ್ದೆ. ಶುಗರ್ ನಲವತ್ತೆಂಟಕ್ಕೆ ಇಳಿದಿದೆ, ಇನ್ನೊಂದು ಸಲ ಹಸಿದಿರಲು ಬಿಟ್ಟರೆ ನನ್ನ ಹತ್ತಿರ ಕರಕೊಂಡು ಬರಬೇಡಿ ಅಂತ ಡಾಕ್ಟರ್ ಅಪ್ಪನಿಗೆ ಬೈದರು. "ಇಲ್ಲಜ್ಜಿ, ಪೂಜೆ ಆಗಿಲ್ಲ" ಅಂತ ಒಂದು ದಿನ ಅಂದರೆ ನೀನು ತಟ್ಟೆ ಮುಟ್ಟುವುದಿಲ್ಲ. ಅದಕ್ಕೇ "ಆಯ್ತು" ಅಂದೆ. ಆದರೆ ಅದರಿಂದ ಎಂಟು ವರ್ಷ ನೀನು ಹಿಡಿದುಕೊಂಡು ಬಂದ ನೇಮವನ್ನು ಹನ್ನೊಂದು ದಿನ ನಿನಗೇ ತಿಳಿಯದಂತೆ ನಾನು ಮುರಿಸಿದೆ. ನಿನ್ನ ಜೀವ ಉಳಿಸಿದೆನೋ, ನಿನ್ನ ತಟ್ಟೆ ಕೆಡಿಸಿದೆನೋ, ಎಷ್ಟು ಯೋಚಿಸಿದರೂ ಗೊತ್ತಾಗುತ್ತಿಲ್ಲ.

ಭಾನುವಾರ ಹೆಬ್ಬೂರಿಗೆ, ನಮ್ಮ ಮನೆಯ ಅಯ್ಯನವರು ಏಕಾಂತಯ್ಯನವರ ಹತ್ತಿರ ಹೋಗಿದ್ದೆ.

ಎಲ್ಲಿ ಕಳೆಯಿತು ಅಂತ ಕೇಳಿದರು. ಸಮುದ್ರದಲ್ಲಿ ಅಂದೆ.

"ತುಮಕೂರಿಗೆ ಯಾವಾಗಮ್ಮ ಸಮುದ್ರ ಬಂದಿದ್ದು?" ಅಂದರು. ನಾನು ಅಳುತ್ತಾ ನಿಂತೆ. ಅವರು ಕಿಟಕಿಯಿಂದ ಆಚೆ ನೋಡಿ, "ಬಸ್ ಸ್ಟಾಪಲ್ಲಿ ನಿಂತವ್ನಲ್ಲ, ಕಾಲಿಗೆ ಬ್ಯಾಂಡೇಜ್ ಸುತ್ಕಂಡು, ಅವ್ನ್ಯಾರು? ಅರ್ಧ ಗಂಟೆಯಿಂದ ನಮ್ಮನೇನೇ ನೋಡ್ತಾವ್ನೆ" ಅಂದರು. ಹೇಳಿದೆ. ಎಲ್ಲಾ ಹೇಳಿದೆ. ಅವರು ಬೈಯಲಿಲ್ಲ. "ಲಿಂಗ ನಾನು ಕೊಡ್ತೀನಿ. ಕಟ್ಟೋರು ನಿಮ್ಮಜ್ಜಿ. ಮೊದಲನೇದನ್ನ ಕಟ್ಟಿದ್ದು ಅವರೇ ತಾನೆ? ಗುರುವಾರ ಹನ್ನೊಂದು ಗಂಟೆಗೆ ಕರ್ಕೊಂಡ್ ಬಾ. ಸುಳ್ಳು ಹೇಳಿ ಮಾತ್ರ ಕರ್ಕೊಂಡ್ ಬರ್ಬೇಡ" ಅಂದರು.

ನಾಳೆಯೇ ಗುರುವಾರ. ಹೆಬ್ಬೂರಿಗೆ ಬಂದು ಕಟ್ಟುತ್ತೀಯಾ ಅಜ್ಜಿ? ಮೋಹನನ ವಿಷಯಕ್ಕೆ ನೀನು ಹೂಂ ಅನ್ನಬೇಕೆಂದು ನಾನು ಈಗ ಕೇಳುತ್ತಿಲ್ಲ. ಅವನು ಇದ್ದಾನೆ ಅನ್ನುವುದು ನಿನಗೆ ಗೊತ್ತಿರಲಿ, ಅಷ್ಟೆ. ಅಪ್ಪ ಅಮ್ಮನಿಗೆ ಆಮೇಲೆ ನಾನೇ ಹೇಳುತ್ತೇನೆ.

ಇನ್ನೊಂದು ಮಾತು. ನೀನು ಕಟ್ಟಿದರೆ ದಿನಾ ಪೂಜೆ ಮಾಡುತ್ತೇನೆ. ಆದರೆ ನಿನ್ನ ಊಟವನ್ನು ಇನ್ನು ಮೇಲೆ ನನ್ನ ಪೂಜೆಗೆ ಕಟ್ಟಬೇಡ. ನಾನು ತಪ್ಪು ಮಾಡುವವಳು ಅಜ್ಜಿ. ಮಾಡಿದ ದಿನ "ಮಾಡಿದೆ" ಅಂತ ನಿನಗೆ ಹೇಳುವುದು ನನ್ನಿಂದ ಆಗಬೇಕು. ನಿನ್ನ ತಟ್ಟೆ ಅದರ ಮೇಲೆ ನಿಂತಿದ್ದರೆ ನಾನು ಮತ್ತೆ ಸುಳ್ಳೇ ಹೇಳುತ್ತೇನೆ, ನನ್ನನ್ನು ನಾನು ಬಲ್ಲೆ.

ನಿನ್ನ ಮೊಮ್ಮಗಳು
ಸುಮನಾ

ಸಹಿ ಮಾಡಿದ ಮೇಲೆ:

ಕರಡಿಗೆಯನ್ನು ಮರೆತೆ ಅಂತ ಮೇಲೆ ಬರೆದಿದ್ದೇನೆ. ಅಯ್ಯನವರಿಗೂ, ಮೋಹನನಿಗೂ ಹಾಗೇ ಹೇಳಿದ್ದೇನೆ. ಮರೆತಿರಲಿಲ್ಲ. ಮರದ ಕೆಳಗೆ ಕೂತಿದ್ದಾಗ ನೀರು ಬಂಡೆಯ ಬುಡ ಮುಟ್ಟಿದ್ದು ನನಗೆ ಕಂಡಿತು. ಅದೇ ಹೊತ್ತಿಗೆ ಅವನು ನನ್ನ ಕೈ ಹಿಡಿದುಕೊಂಡ, ಮೊದಲನೇ ಸಲ. ಎದ್ದರೆ ಬಿಡಿಸಿಕೊಳ್ಳಬೇಕಾಗುತ್ತಿತ್ತು. ಇನ್ನೊಂದು ನಿಮಿಷ ಅಂತ ಕೂತೆ. ನೀರು ಅರ್ಧ ಬಂಡೆಗೆ ಬಂತು. ಇನ್ನೊಂದು ನಿಮಿಷ ಅಂತ ಮತ್ತೆ ಕೂತೆ. ಆಮೇಲೆ ಆ ಕಡೆ ನೋಡುವುದನ್ನೇ ಬಿಟ್ಟೆ.

ಇದು ನಿನಗೊಬ್ಬಳಿಗೇ ಬರೆದದ್ದು. ಇದನ್ನು ಓದಿದ ಮೇಲೂ ನನ್ನ ಜೊತೆ ಹೆಬ್ಬೂರಿಗೆ ಬರುವುದಾದರೆ ಏನೂ ಮಾತಾಡಬೇಡ, ಚಪ್ಪಲಿ ಮೆಟ್ಟಿಕೊಂಡು ಜಗಲಿಗೆ ಬಾ. ಬರುವುದಿಲ್ಲವಾದರೂ ಮಾತ್ರೆ ನುಂಗಿ ಊಟ ಮಾಡು. ತಟ್ಟೆಯ ಸದ್ದು ಕೇಳಿದ ಮೇಲೆ ನಾನು ಎದ್ದು ಹೋಗುತ್ತೇನೆ.