ಬಣ್ಣ ಹಾಕುವ ಅಳಿಯ

೩ ಅಕ್ಟೋಬರ್, ಗುರುವಾರ

ಬಂದವನೇ ಗಾಜಿನ ಜಾಡಿಗಳನ್ನು ತೊಳೆದಿಟ್ಟೆ. ಅಭ್ಯಾಸ. ತೊಳೆದ ಮೇಲೆ ನೆನಪಾಯಿತು — ಅವಕ್ಕೆ ಕೆಲಸವಿಲ್ಲ. ಸದ್ಯ ಅವಕ್ಕೆ ಮಾತ್ರ.

ಕೊಪ್ಪಳದ ಈ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಬಣ್ಣ ಹಾಕುವವನು ನಾನು. ರೋಗಿಯ ಗಡ್ಡೆಯ ತುಣುಕನ್ನು ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿಗೆ ಹಚ್ಚಿ, ಒಂದು ಜಾಡಿಯಲ್ಲಿ ನೀಲಿ, ಇನ್ನೊಂದರಲ್ಲಿ ಗುಲಾಬಿ. ಬಣ್ಣ ಕೂತರೆ ಮಾತ್ರ ಡಾಕ್ಟರಿಗೆ ಕ್ಯಾನ್ಸರ್ ಹೌದೋ ಅಲ್ಲವೋ ಕಾಣುವುದು. ಈಗ ಅದಕ್ಕೊಂದು ಮಷಿನ್. ಒಂದು ತಿಂಗಳ ಡೆಮೊ. ಅದಕ್ಕೆ ಎ.ಸಿ., ಅದಕ್ಕೆ ಬೇರೆ ಯು.ಪಿ.ಎಸ್., ಅದರ ಹತ್ತಿರ ಯಾರೂ ಚಹಾ ಕುಡಿಯಬಾರದು. ಹೊಸ ಅಳಿಯ. ಹೆಸರೂ ಅದೇ ಇಟ್ಟೆ.

ತಸ್ಲೀಮಾ ಹೈದರಾಬಾದಿನಲ್ಲಿ ಟ್ರೇನಿಂಗ್ ಮುಗಿಸಿ ಬಂದಿದ್ದಾಳೆ. ಗಂಗಾವತಿಯ ಹುಡುಗಿ, ನನ್ನ ಪಕ್ಕ ನಿಂತು ಕಲಿತವಳು.

"ಯಂಕೋಬಣ್ಣ, ಬರ್ರಿ, ಸೆಟ್ಟಿಂಗ್ ತೋರಸ್ತೀನಿ."

"ಬ್ಯಾಡವಾ. ಅಳಿಯಂದಿರ ಖಾಸಗಿ ವಿಷಯ ನಮಗ್ಯಾಕ?"

ಆ ಕಡೆ ಹೋಗಲಿಲ್ಲ. ಹೋಗುವುದೂ ಇಲ್ಲ.

೭ ಅಕ್ಟೋಬರ್

ಡಾಕ್ಟರ್ ಶೋಭಾರಾಣಿ ಮೇಡಂ ಮೈಕ್ರೋಸ್ಕೋಪಿನಿಂದ ತಲೆಯೆತ್ತದೆ, "ಭಾಳ ಛಲೋ ಬಂದಾವ" ಎಂದರು.

"ಥ್ಯಾಂಕ್ಸ್ ರೀ ಮೇಡಂ" ಎಂದೆ.

ತಸ್ಲೀಮಾ ಕೆಮ್ಮಿದಳು. ಮೇಡಂ ನೋಡುತ್ತಿದ್ದದ್ದು ಅಳಿಯನ ಸ್ಲೈಡುಗಳಂತೆ.

ಇಷ್ಟು ವರ್ಷದಲ್ಲಿ ನನಗೆ 'ಛಲೋ' ಸಿಕ್ಕಿದೆ. ವರ್ಷಕ್ಕೊಮ್ಮೆ, ಇನ್‌ಕ್ರಿಮೆಂಟಿನ ಬದಲಿಗೆ. 'ಭಾಳ' ಎಂದೂ ಸಿಕ್ಕಿಲ್ಲ. ಬಂದು ವಾರವಾಗಿಲ್ಲ, ಅವನಿಗೆ 'ಭಾಳ'…

೧೧ ಅಕ್ಟೋಬರ್, ಆಯುಧಪೂಜೆ

ಪ್ರತಿ ವರ್ಷ ನನ್ನ ಜಾಡಿಗಳಿಗೆ ವಿಭೂತಿ, ಕುಂಕುಮ, ಚೆಂಡುಹೂವು. ಈ ಸಲ ಮಾಲೆ ಅಳಿಯನಿಗೆ. ಕುಂಬಳಕಾಯಿ ಒಡೆದದ್ದೂ ಅವನ ಮುಂದೆ. ಜಾಡಿಗಳ ಪಾಲಿಗೆ ಮಾಲೆಯಿಂದ ಉದುರಿದ ಎಸಳು.

ಊಟಕ್ಕೆ ಬಡಿಸುತ್ತ ಅನುಸೂಯಾ ನನ್ನ ಬೆರಳು ಹಿಡಿದು ನೋಡಿದಳು. ಉಗುರುಸಂದಿಯ ಗುಲಾಬಿ ಹೋಗಿದೆ. ಮದುವೆಯಾದಾಗಿನಿಂದ ಅದಕ್ಕೇ ಬೈದವಳು.

"ಕೈ ಬೆಳ್ಳಗಾಗ್ಯಾವಲ್ರಿ. ಡ್ಯೂಟಿ ಬದಲಿ ಮಾಡ್ಯಾರೇನು?"

"ಡ್ಯೂಟಿ ಅದ ಐತಿ. ಕೈ ಬದಲಿ ಮಾಡ್ಯಾರ."

ನಕ್ಕಳು. ನಾನೂ ನಗಬೇಕಿತ್ತು.

೧೭ ಅಕ್ಟೋಬರ್

ಮೇಡಂ ಕರೆದರು. ಡೆಮೊ ಮುಗಿಯುವ ಮುಂಚೆ ಪರೀಕ್ಷೆ. ಒಂದೇ ತುಣುಕಿನಿಂದ ಕೊಯ್ದ ಸ್ಲೈಡುಗಳು — ಅರ್ಧಕ್ಕೆ ನನ್ನ ಬಣ್ಣ, ಅರ್ಧಕ್ಕೆ ಮಷಿನ್ನಿನದು. ಹೆಸರಿನ ಮೇಲೆ ಬಿಳಿ ಪ್ಲಾಸ್ಟರ್. ಯಾವುದು ಯಾರದೆಂದು ತಿಳಿಯದೆ ಮೇಡಂ, ತಸ್ಲೀಮಾ, ನಾನು ಮೂವರೂ ಅಂಕ ಹಾಕಬೇಕು. ಅಳಿಯ ಸೋತರೆ ವಾಪಸ್. ಗೆದ್ದರೆ ನಾನು ಕುಷ್ಟಗಿಯ ಕಲೆಕ್ಷನ್ ಸೆಂಟರಿಗೆ, ರಕ್ತ ಎಳೆಯಲು.

"ನಿಮ್ಮ ಸ್ಲೈಡು ನಿಮಗ ಗುರ್ತು ಸಿಗ್ತಾವೇನ್ರಿ ಯಂಕೋಬ?"

"ಛೇ, ಎಲ್ಲಿ ಸಿಗ್ತಾವ್ರಿ ಮೇಡಂ."

ಕತ್ತಲಲ್ಲೂ ಸಿಗುತ್ತವೆ. ಸಿಕ್ಕ ಮೇಲೆ ಎಷ್ಟು ಅಂಕ ಹಾಕಬೇಕೆಂಬುದೂ ಗೊತ್ತು.

೧೮ ಅಕ್ಟೋಬರ್

ಗುಲಾಬಿಯ ಹೊಸ ಬಾಟಲಿ ತೆಗೆದೆ. ಒಂದೆರಡು ಮುಳುಗು ಹೆಚ್ಚೇ ಹಾಕಿಸಿದೆ. ಮದುಮಗಳ ಸಿಂಗಾರ. ತಸ್ಲೀಮಾ ನೋಡುತ್ತಲೇ ಇದ್ದಳು.

"ಅಣ್ಣಾ, ದಿನಾ ನೀವು ಹಿಂಗ ಮಾಡಂಗಿಲ್ಲಲ್ಲ?"

"ದಿನಾ ಪರೀಕ್ಷಾ ಇರ್ತೈತೇನು?"

೧೯ ಅಕ್ಟೋಬರ್, ಶನಿವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ಹೊಟ್ಟೆಯಲ್ಲೇ ಉರಿಯುತ್ತದೆ.

ನೋಡಿದ ಕೂಡಲೇ ಗುರುತು ಸಿಕ್ಕಿತು. ಒಂದು ಗುಂಪಿನಲ್ಲಿ ನೀಲಿ ನೀಲಿಯಾಗಿ ಕೂತಿದೆ, ಗುಲಾಬಿ ಹದವಾಗಿ ಹರಡಿದೆ. ನನ್ನ ಮಕ್ಕಳೇ. ಹತ್ತಕ್ಕೆ ಹತ್ತು. ಇನ್ನೊಂದು ಗುಂಪು ಗುಲಾಬಿಯಲ್ಲಿ ಮುಳುಗಿ ಹೋಗಿತ್ತು. ಎರಡು ಅಂಕ, ಜೊತೆಗೊಂದು ಷರಾ: 'ಓಕುಳಿ ಆಡಿದಂತಿದೆ. ಬಣ್ಣ ಹಾಕಿದವರಿಗೆ ಹದವೂ ಇಲ್ಲ, ಹೃದಯವೂ ಇಲ್ಲ.' ಮಷಿನ್ನಿಗೆ ಹೃದಯವೆಲ್ಲಿ! ಬರೆಯುವಾಗ ಖುಷಿಯಾಗಿತ್ತು.

ಮೇಡಂ ಪ್ಲಾಸ್ಟರ್ ಕಿತ್ತರು.

ಹೃದಯವಿಲ್ಲದವನು ನಾನು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

೨೫ ಅಕ್ಟೋಬರ್

ಇಷ್ಟು ದಿನ ರಜೆ. ಇಂದು ಹೋದೆ, ಕುಷ್ಟಗಿಯ ಆರ್ಡರ್ ತೆಗೆದುಕೊಳ್ಳಲು. ತಸ್ಲೀಮಾ ತೋಳು ಹಿಡಿದು ಅಳಿಯನ ಮುಂದೆ ನಿಲ್ಲಿಸಿದಳು.

"ಕಂಪನಿಯವ್ರು ಹೇಳಿದ ಟೈಮಿಂಗಿಗೆ ಬಣ್ಣಾನ ಕೂಡಲಿಲ್ರಿ ಅಣ್ಣಾ. ನೀವು ದಿನಾ ಯಾವುದ್ರಾಗ ಎಷ್ಟೊತ್ತು ಇಡ್ತೀರಿ, ಎಷ್ಟು ಸಲ ಅದ್ದತೀರಿ, ಅದನ್ನ ನೆನಪು ಮಾಡಿಕೊಂಡು ಹಾಕೀನಿ. ತೋರಸ್ತೀನಿ ಬರ್ರಿ ಅಂದ್ರ ನೀವು ಬರಲೇ ಇಲ್ಲ."

ಅಂದರೆ ನನ್ನ ಹಬ್ಬದ ಕೈ ನನ್ನ ದಿನದ ಕೈಗೆ ಸೋತಿದೆ. ಸಮಾಧಾನವಾಗಬೇಕಿತ್ತು. ಇಲ್ಲ, ಉರಿ ಹೆಚ್ಚಾಯಿತು. ಎ.ಸಿ. ಅವನದು, ಮಾಲೆ ಅವನದು. ಈಗ ನನ್ನ ಕೈಯೂ ಅವನದೇ.

ಮೇಡಂ ಆರ್ಡರ್ ಕೊಡಲಿಲ್ಲ. "ತಮ್ಮ ಸ್ಲೈಡಿಗೇ ಎರಡು ಹಾಕಿದ ಮನುಷ್ಯಾ, ಮಷಿನ್ನಿಗೆ ದಯಾ ತೋರಸ್ತೀರೇನ್ರಿ? ದಿನಾ ಮುಂಜಾನಿ ಟೆಸ್ಟ್ ಸ್ಲೈಡ್ ನೀವ ನೋಡ್ರಿ. ನೀವು ಹೂಂ ಅಂದ್ರ ಮುಂದಿನ ಕೆಲಸ."

ಕುಷ್ಟಗಿ ತಪ್ಪಿತು. ಇನ್ನು ಬೆಳಗಾದರೆ ಅಳಿಯನ ಮುಖದರ್ಶನ.

೨೮ ಅಕ್ಟೋಬರ್, ಸೋಮವಾರ

ಮೊದಲ ದಿನ. ರೋಗಿಗಳ ತುಣುಕಿಗೆ ಮುಂಚೆ ಪರೀಕ್ಷೆಗೆಂದೇ ಇಟ್ಟ ಒಂದು ಟಾನ್ಸಿಲ್ ಚೂರಿಗೆ ಅವನು ಬಣ್ಣ ಹಾಕುತ್ತಾನೆ. ನಾನು ಫೇಲ್ ಎಂದರೆ ಎಲ್ಲರದೂ ನಾಳೆಗೆ.

ಹೊರಗೆ ಬೆಂಚಿನ ಮೇಲೆ ಮಂಗಳೂರಿನ ಫಕೀರಮ್ಮ. ಸಮುದ್ರದ್ದಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಎದೆಯಲ್ಲಿ ಗಡ್ಡೆ. ಹೋದ ವಾರವೇ ತುಣುಕು ಕೊಟ್ಟವಳು.

"ಇವತ್ತರ ಹೇಳ್ತೀರೇನೋ ಯಪ್ಪಾ? ಮನ್ಯಾಗ ಯಾರೂ ಉಣ್ಣವಲ್ರು."

ಒಳಗೆ ಬಂದು ಕಣ್ಣಿಟ್ಟೆ. ತಪ್ಪು ಹುಡುಕಿದೆ. ಒಂದು ಗುಳ್ಳೆ, ಒಂದು ಮಸುಕು, ಅಂಚಿನಲ್ಲೊಂದು ಮಡಿಕೆ ಸಾಕಿತ್ತು. ಮೂಲೆ ಮೂಲೆ ನೋಡಿದೆ. ಇಲ್ಲ. ಇಲ್ಲದಿದ್ದರೇನು… ಫೇಲ್ ಎಂದರೆ ಅಳಿಯ ಇಂದು ಉಪವಾಸ. ಮೇಡಂ ತಿರುಗಿ ಕೇಳುವುದಿಲ್ಲ. ನನ್ನ ಮಾತೇ ಕೊನೆ.

"ಏನ್ ಬರೀಲಿ ಅಣ್ಣಾ?" ತಸ್ಲೀಮಾ ಪೆನ್ನು ಹಿಡಿದು ನಿಂತಿದ್ದಳು.

ಗಾಜಿನಾಚೆ ಫಕೀರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಮತ್ತೊಮ್ಮೆ ನೋಡಿದೆ. ನೀಲಿ, ಗುಲಾಬಿ… ಹಾಳಾದವನು.

"ಬರಿ," ಎಂದೆ. "ಭಾಳ ಛಲೋ ಬಂದೈತಿ."