ಇನ್ಸ್‌ಪೆಕ್ಟರ್‌ನನ್ನು ಹುಡುಕಿದ ಭಾನುವಾರ

ಗುರುವಾರ, ಮಧ್ಯಾಹ್ನ
ಸೋಫಾ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ

ನನ್ನ ಪ್ರೀತಿಯ ಅಕ್ಕ,

ಕಾಗದ ನೋಡಿ ಗಾಬರಿಯಾಗಬೇಡ. ಅಮ್ಮ ಚೆನ್ನಾಗಿದ್ದಾಳೆ, ಅಪ್ಪನೂ ಚೆನ್ನಾಗಿದ್ದಾರೆ, ಅಪ್ಪನ ಬೆನ್ನುನೋವು ಅಪ್ಪನಿಗಿಂತ ಚೆನ್ನಾಗಿದೆ. ಎಲ್ಲರೂ ಕ್ಷೇಮ ಎಂದು ಬರೆಯಲು ಹೊರಟವಳು ಅಲ್ಲಿಗೇ ಪೆನ್ನು ಕೆಳಗಿಟ್ಟೆ. ಎಲ್ಲರೂ ಅಲ್ಲ. ನಿನ್ನ ಇನ್ಸ್‌ಪೆಕ್ಟರ್ ಮನೆಯಲ್ಲಿಲ್ಲ. ಶನಿವಾರದಿಂದ ಇಲ್ಲ.

ಮೊನ್ನೆ ನೀನು ಫೋನಿನಲ್ಲಿ ಕೇಳಿದಾಗ ಅಮ್ಮ, "ಹೊಟ್ಟೆ ತುಂಬಾ ತಿಂದು ಮಲ್ಗಿದಾನೆ ಕಣೆ, ಎಬ್ಬಿಸ್ಲಾ?" ಅಂದಳು. ಎಬ್ಬಿಸ್ಲಾ ಅಂತ ಬೇರೆ! ನಾನು ಫೋನಿಗೆ ಕೈ ಚಾಚಿದರೆ ಕಣ್ಣು ಬಿಟ್ಟು ಹೆದರಿಸಿದಳು. ಆಮೇಲೆ, "ಅವಳಿಗೆ ನರ್ಸಿಂಗ್ ಪರೀಕ್ಷೆ ಹತ್ರ ಬಂತು. ನಿನ್ನ ಸತ್ಯಾನ ಸ್ವಲ್ಪ ದಿನ ಬೀರೂಲಿಟ್ಟು ಬೀಗ ಹಾಕು ಮಹಾತಾಯಿ" ಎಂದು ಕೈ ಮುಗಿದಳು. ಆ ಬೀರು ನಮ್ಮ ಮನೆಯಲ್ಲಿಲ್ಲ ಎಂದು ನಿನಗೆ ಗೊತ್ತು. ಇದ್ದಿದ್ದರೆ ಮೇಷ್ಟ್ರ ಎದುರು ಬಾಯಿ ಮುಚ್ಚಿಕೊಂಡು ನಾನು ಇನ್ನೂ ಶಾಲೆಯಲ್ಲೇ ಇರುತ್ತಿದ್ದೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಅಳುವುದು ಕೇಳಿಸುತ್ತದೆ, ನಾನು ಅರ್ಧಕ್ಕೇ ಇಟ್ಟುಬಿಡುತ್ತೇನೆ. ಕಾಗದವಾದರೆ ಅರ್ಧಕ್ಕೆ ನಿಲ್ಲಿಸಿದರೂ ಮತ್ತೆ ಬಂದು ಮುಂದುವರಿಸಬಹುದು.

ನಡೆದದ್ದು ಹೀಗೆ. ನೀನು ಹಾಸ್ಟೆಲಿಗೆ ಹೋದ ಮೇಲೆ ಸೋಫಾಗಳಿಗೆ ಅಡಿಬಟ್ಟೆ ಹೊಡೆಯುವ ಕೆಲಸ ನನಗೆ ಬಂತು. ಅಪ್ಪನ ಕಟ್ಟಪ್ಪಣೆ ನಿನಗೆ ನೆನಪಿರುತ್ತದೆ. ಸೋಫಾ ಮಗುಚಿ ಹಾಕಿ, ಅಡಿಬಟ್ಟೆಗೆ ಪಿನ್ ಹೊಡೆಯುವ ಮುಂಚೆ ಒಳಗೆ ಕೈ ಹಾಕಿ, ಸ್ಪ್ರಿಂಗುಗಳ ನಡುವೆ, ಸೋಫಾದ ಎರಡೂ ಕೈಗಳ ಪೊಳ್ಳಿನೊಳಗೆ, ಎಲ್ಲ ಕಡೆ ಆಡಿಸಿ ನೋಡಬೇಕು. ಹಿಂದೊಮ್ಮೆ ಅಪ್ಪನ ದೊಡ್ಡ ಕತ್ತರಿ ಹಾಗೇ ಒಳಗೆ ಉಳಿದು, ಯಾರದೋ ಮದುವೆ ಮುಗಿಸಿಕೊಂಡು ವಾಪಸ್ಸು ಬಂದಿತ್ತಲ್ಲ, ಆವತ್ತಿನಿಂದ ಬಂದ ನಿಯಮ. ಇನ್ಸ್‌ಪೆಕ್ಟರ್ ಕೂಡ ಇದೇ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿದ್ದ. ಹೊಸ ಫೋಮಿನ ವಾಸನೆ ಬಂದರೆ ಸಾಕು, ಒಳಗೆ ನುಗ್ಗಿ, ಮೂಲೆ ಮೂಲೆ ಮೂಸಿ, ಕೊನೆಗೆ ಸೋಫಾದ ಕೈಯೊಳಗಿನ ಪೊಳ್ಳಿನಲ್ಲಿ ಸುತ್ತಿಕೊಂಡು ಮಲಗುವುದು. ಬೆಕ್ಕಿಗೆ ಆ ಹೆಸರಿಟ್ಟವಳು ನೀನೇ.

ಶನಿವಾರ ಸಂಜೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹಸಿರು ರೆಕ್ಸಿನ್ ಸೋಫಾ ಹೋಗಬೇಕಿತ್ತು. ವ್ಯಾನಿನ ಮಾಮ ಹೊರಗೆ ಹಾರ್ನು ಹೊಡೆಯುತ್ತಿದ್ದ. ನಾನು ಒಳಗೆ ಕೈ ಹಾಕಿ ನೋಡಲಿಲ್ಲ. ಪಿನ್ ಹೊಡೆದೆ, ಟೀ ಕುಡಿಯಲು ಮಹಡಿಗೆ ಹೋದೆ. ಕೆಳಗೆ ಬರುವಷ್ಟರಲ್ಲಿ ವ್ಯಾನು ಹೊರಟುಹೋಗಿತ್ತು.

ಆ ರಾತ್ರಿ ಅವನ ತಟ್ಟೆ ಹಾಗೇ ಇತ್ತು. ಭಾನುವಾರ ಬೆಳಿಗ್ಗೆಯಿಂದ ಇಡೀ ಬೀದಿ ಹುಡುಕಿತು. ಅಮ್ಮ ಅಕ್ಕಪಕ್ಕದ ಮನೆಗಳ ಮಂಚದಡಿಯನ್ನೆಲ್ಲ ನೋಡಿಬಂದಳು. ಎದುರಿನ ಸಲೂನಿನ ಮಾಮ, "ಗಂಡು ಬೆಕ್ಕಲ್ವೇನಮ್ಮಾ, ಎಲ್ಲೋ ಸಂಬಂಧ ಕುದುರಿಸ್ಕೊಂಡಿರುತ್ತೆ. ಮಾವನ ಮನೆ ಬೇಜಾರಾದ ತಕ್ಷಣ ತಾನೇ ಬರುತ್ತೆ ಬಿಡಿ" ಎಂದು ಸಮಾಧಾನ ಹೇಳಿದ. ಅಪ್ಪ ಏಣಿ ಹಾಕಿ ತಗಡಿನ ಮಾಡಿಗೆ ಹತ್ತಿದರು. ಬೆಕ್ಕಿಗೆ ಹಾಲು ದಂಡ ಎಂದು ದಿನಾ ಗೊಣಗುವ ಮನುಷ್ಯ, ಮೇಲೆ ನಿಂತು "ಇನ್ಸ್‌ಪೆಕ್ಟ್ರೇ! ಇನ್ಸ್‌ಪೆಕ್ಟ್ರೇ!" ಎಂದು ಕೂಗುತ್ತಿದ್ದರೆ, ಸ್ಕೂಟರಿನಲ್ಲಿ ಹೋಗುತ್ತಿದ್ದ ನಿಜವಾದ ಪೊಲೀಸಿನವರೊಬ್ಬರು ನಿಲ್ಲಿಸಿ, "ಏನ್ರೀ, ಏನ್ ಕಂಪ್ಲೇಂಟು?" ಅಂದರು. ಅಪ್ಪ ಮಾಡಿನ ಮೇಲಿಂದಲೇ ಸಲ್ಯೂಟು ಹೊಡೆದರು. ಬೀದಿಯೆಲ್ಲ ನಕ್ಕಿತು. ನಾನೂ ಬಿಸ್ಕತ್ತಿನ ಡಬ್ಬ ಅಲ್ಲಾಡಿಸುತ್ತ ಬೀದಿಯ ಕೊನೆಯ ತಿರುವಿನವರೆಗೆ ಹೋಗಿಬಂದೆ.

ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿನ ಕಾಂಪೌಂಡರ್ ಫೋನು ಮಾಡಿದ. "ಏನ್ ಸ್ವಾಮಿ, ನಿಮ್ಮ ಸೋಫಾ ಅಳ್ತಾ ಇದೆ! ಒಳಗೆ ಡಾಕ್ಟ್ರು ಇನ್ನೂ ಯಾರ ಹಲ್ಲಿಗೂ ಕೈ ಹಾಕಿಲ್ಲ, ಹೊರಗೆ ಕೂತೋರು ಆಗ್ಲೇ ಹೆದರಿ ಎದ್ದು ಹೋಗ್ತಿದಾರೆ" ಅಂದ. ನಾವು ತಲುಪುವವರೆಗೆ ಅವರು ಕಾಯಲಿಲ್ಲ. ಬ್ಲೇಡಿನಿಂದ ಅಡಿಬಟ್ಟೆ ಸೀಳಿದರು. ಅವನು ಗುಂಡಿನ ಹಾಗೆ ಹೊರಗೆ ಚಿಮ್ಮಿ, ಹಿಂಬಾಗಿಲಿನಿಂದ ಓಡಿ, ಗೋಡೆ ಹಾರಿ ಪಕ್ಕದ ಮೋಟಾರು ಗ್ಯಾರೇಜಿನೊಳಗೆ ಸೇರಿಕೊಂಡ.

ಅಕ್ಕ, ಆ ಸೋಫಾದ ಒಳಭಾಗ ನಾನು ನೋಡಿದೆ. ನೀನೂ ತಿಳಿದುಕೊಳ್ಳಬೇಕು ಎಂದು ಬರೆಯುತ್ತಿದ್ದೇನೆ, ನಿನ್ನನ್ನು ಅಳಿಸಲು ಅಲ್ಲ. ಫೋಮೆಲ್ಲ ಚಿಂದಿಯಾಗಿತ್ತು. ಸೋಫಾದ ಕೈಯ ಮರದ ಮೇಲೆ ಉದ್ದಕ್ಕೂ ಗೀರುಗಳು. ಒಂದು ಗೀರಿನ ಕೊನೆಯಲ್ಲಿ ಅವನ ಉಗುರು ಮುರಿದು ಸಿಕ್ಕಿಕೊಂಡಿತ್ತು. ಅಪ್ಪ ಒಳಗೆ ಕೈ ಹಾಕಿ ಆ ಗೀರುಗಳನ್ನೆಲ್ಲ ಸವರಿ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆ, "ಕೈ ಆಡಿಸಿ ನೋಡಿದ್ಯಾ?" ಅಂದರು. "ಇಲ್ಲಪ್ಪ" ಅಂದೆ. "ಹೂಂ" ಅಂದರು. ಅಷ್ಟೇ. ಡಾಕ್ಟರು ಸಿಟ್ಟಿನಿಂದ ಹೊರಗೆ ಬಂದಾಗ ಅಪ್ಪ ನನ್ನ ಮುಂದೆ ಬಂದು ನಿಂತು, "ತಪ್ಪು ನಂದೇ ಸಾರ್. ವಯಸ್ಸಾಯ್ತು ನೋಡಿ, ನೋಡ್ದೇ ಪಿನ್ ಹೊಡೆದುಬಿಟ್ಟೆ" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಕಾಲು ತುಳಿದರು. ಮನೆಗೆ ಬಂದ ಮೇಲಾದರೂ ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಿ ಹಗುರವಾಗುತ್ತಿದ್ದೆ.

ಅಂದಿನಿಂದ ದಿನಾ ಕೆಲಸಕ್ಕೆ ಮೊದಲು ಗ್ಯಾರೇಜಿಗೆ ಹೋಗುತ್ತೇನೆ. "ಬಂದ್ಳಪ್ಪಾ ಸಿಐಡಿ, ಎಲ್ಲರೂ ಲೈಸೆನ್ಸ್ ತೋರ್ಸಿ" ಎಂದು ಅಲ್ಲಿಯ ಹುಡುಗರು ಆಡಿಕೊಳ್ಳುತ್ತಾರೆ. ಆದರೆ ಅವರೇ ಹಳೆಯ ಟೈರುಗಳ ರಾಶಿಯ ಹಿಂದೆ ಅವನಿಗೆ ನೀರಿಟ್ಟಿದ್ದಾರೆ. ಅವನು ಅಲ್ಲೇ ಇದ್ದಾನೆ. ಮುಂದಿನ ಕಾಲೊಂದನ್ನು ಎತ್ತಿಕೊಂಡೇ ನಡೆಯುತ್ತಾನೆ. ಯಾರೂ ಇಲ್ಲದಾಗ ಬಂದು ತಿನ್ನುತ್ತಾನಂತೆ. ನನ್ನನ್ನು ಕಂಡರೆ ಮಾತ್ರ ರಾಶಿಯ ತೀರಾ ಒಳಗೆ ಹೋಗಿಬಿಡುತ್ತಾನೆ. ಗ್ಯಾರೇಜಿನ ಮೇಸ್ತ್ರಿ ಅಣ್ಣ, "ನಿನ್ ಬಟ್ಟೇಲಿ ಆ ಗೋಂದಿನ ವಾಸನೆ ಇದೆ ಕಣಮ್ಮ, ಅದಕ್ಕೆ ಆ ಸೋಫಾ ಜ್ಞಾಪಕ ಬರುತ್ತೆ" ಅಂದರು. ಮಾರನೆಯ ದಿನ ಸ್ನಾನ ಮಾಡಿ, ಅಮ್ಮನ ಸೀರೆ ಸುತ್ತಿಕೊಂಡು ಹೋದೆ. ಗ್ಯಾರೇಜಿನ ಹುಡುಗರು ಯಾವ ಹುಡುಗನನ್ನು ನೋಡಲು ಬಂದೆ ಎಂದು ಕೇಳಿದರು. ಅವನು ಆಗಲೂ ಓಡಿದ.

ನಿನ್ನೆ ಒಂದು ಉಪಾಯ ಮಾಡಿದೆ. ನೀನು ಹಾಸ್ಟೆಲು ಸೇರಿದ ದಿನ ಅಮ್ಮನ ಫೋನಿಗೆ ಮಾತು ರೆಕಾರ್ಡು ಮಾಡಿ ಕಳಿಸಿದ್ದೆಯಲ್ಲ, "ಅಮ್ಮಾ, ತಲುಪಿದೆ, ಊಟ ಆಯ್ತು, ಮಲ್ಕೋತೀನಿ" ಎಂದು, ಅಮ್ಮ ಅದನ್ನು ಇನ್ನೂ ಅಳಿಸಿಲ್ಲ. ಟೈರುಗಳ ಮುಂದೆ ಕೂತು ಅದನ್ನೇ ಹಾಕಿದೆ. ಒಳಗಿನಿಂದ ಎರಡು ಕಿವಿ ಎದ್ದವು. ಮತ್ತೆ ಹಾಕಿದೆ. ಅವನು ಕುಂಟುತ್ತ, ಸಣ್ಣಗೆ ಕೂಗುತ್ತ, ಹೊರಗಿನ ಟೈರಿನವರೆಗೂ ಬಂದ. ಅತ್ತಿತ್ತ ನಿನ್ನನ್ನು ಹುಡುಕಿದ. ಫೋನು ಹಿಡಿದ ಕೈ ನೋಡಿದ, ಆಮೇಲೆ ನನ್ನ ಮುಖ ನೋಡಿದ. ತಿರುಗಿ ಹೋದ. ಆಮೇಲೆ ಎಷ್ಟು ಸಲ ಹಾಕಿದರೂ ಬರಲಿಲ್ಲ. ನಿನ್ನ ದನಿಯನ್ನೂ ಅವನ ಪಾಲಿಗೆ ನಾನೇ ಕೆಡಿಸಿದೆನೇನೋ ಎಂದು ಹೆದರಿಕೆಯಾಗಿ ಫೋನು ಆರಿಸಿದೆ.

ಬರುವ ಸೋಮವಾರ ಆ ಗ್ಯಾರೇಜು ಖಾಲಿಯಾಗುತ್ತದೆ. ಜಾಗದ ಒಡೆಯರು ಕಟ್ಟಡ ಕೆಡವಿಸುತ್ತಿದ್ದಾರೆ. ಟೈರುಗಳನ್ನೆಲ್ಲ ಲಾರಿಗೆ ಹಾಕುತ್ತಾರೆ. ಆಮೇಲೆ ಕುಂಟು ಕಾಲಿನ ಬೆಕ್ಕು ಆ ದೊಡ್ಡ ರಸ್ತೆಯಲ್ಲಿ ಎಲ್ಲಿಗೆ ಹೋಗುತ್ತದೆ? ಆದ್ದರಿಂದ ಈ ಭಾನುವಾರ ನೀನು ಬರಬೇಕು. ನರ್ಸಿಂಗ್ ಸೇರುವ ಜಗಳದಲ್ಲಿ, ಅಪ್ಪ ಇರುವವರೆಗೂ ಮನೆಗೆ ಕಾಲಿಡುವುದಿಲ್ಲ ಎಂದು ಹೇಳಿ ಹೋದವಳು ನೀನು, ಗೊತ್ತು. ಮನೆಗೆ ಬರಬೇಡ, ನೇರ ಗ್ಯಾರೇಜಿಗೆ ಬಾ. ಆದರೂ ಒಂದು ಮಾತು ಹೇಳುತ್ತೇನೆ. ನಿನ್ನನ್ನು ಕರೆಯಲೇ ಎಂದು ಅಪ್ಪನನ್ನು ಕೇಳಿದೆ. ಪಿನ್ ಕೀಳುತ್ತಿದ್ದವರು ತಲೆ ಎತ್ತದೆ, "ಬರೋದಾದ್ರೆ ಬರ್ಲಿ. ಬಾಗಿಲಿಗೇನು ನಾನು ಪಿನ್ ಹೊಡೆದಿದೀನಾ?" ಅಂದರು.

ಪರೀಕ್ಷೆಗೆ ತೊಂದರೆ ಕೊಡುತ್ತಿದ್ದೇನೆ. ಬೈದುಕೊಳ್ಳುತ್ತಲೇ ಬಾ. ದಾರಿಯಲ್ಲಿ ಓದಿಕೊಂಡು ಬಾ.

ನಿನ್ನ ತಂಗಿ,
ಗುಂಡುಸೂಜಿ

ತಾ.ಕ.: ಲಕೋಟೆಗೆ ಗೋಂದು ಹಚ್ಚುವ ಹೊತ್ತಿಗೆ ಅಪ್ಪ ಬಂದು, "ಕೊಡು, ಆ ಕಡೆ ಹೋಗ್ತಿದೀನಿ, ಪೋಸ್ಟಿಗೆ ಹಾಕ್ತೀನಿ. ಎಲ್ಲಾ ಬರೆದ್ಯಾ?" ಅಂದರು. ಲಕೋಟೆಯಿಂದ ಕಾಗದ ಹೊರಗೆಳೆದು ಇಷ್ಟನ್ನೂ ಸೇರಿಸುತ್ತಿದ್ದೇನೆ.

ಕೊನೆಯ ಮೂಲೆಗೆ ಪಿನ್ ಹೊಡೆಯುವಾಗ ಅವನು ಕೂಗಿದ್ದು ನನಗೆ ಕೇಳಿಸಿತ್ತು. ಆ ಶನಿವಾರ ಬೆಳಿಗ್ಗೆ ನೀನು ಫೋನು ಮಾಡಿದಾಗ ಅವನು ತಿಂದನಾ, ಅವನಿಗೆ ಚಳಿಯಾಗುತ್ತದಾ, ಎಲ್ಲ ಕೇಳಿದೆ. ಇನ್ನೇನು ನನ್ನ ವಿಷಯ ಕೇಳುತ್ತೀಯ ಎಂದು ನಾನು ಅಮ್ಮನ ಬೆನ್ನ ಹಿಂದೆಯೇ ನಿಂತಿದ್ದೆ. ನೀನು ಇಟ್ಟುಬಿಟ್ಟೆ. ಸಂಜೆ ಸೋಫಾದೊಳಗಿನಿಂದ ಅವನು ಕೂಗಿದಾಗ, ನಾನು ಟೀ ಕುಡಿದು ಬರುವವರೆಗೆ ಕೂಗಲಿ ಅಂದುಕೊಂಡೆ. ಅಂದುಕೊಂಡದ್ದು ಅಷ್ಟೇ, ಟೀ ಮುಗಿಯುವವರೆಗೆ. ಕಳೆದ ಭಾನುವಾರ ಅವರೆಲ್ಲ ಹುಡುಕುತ್ತಿದ್ದಾಗ ಅವನು ಎಲ್ಲಿದ್ದಾನೆ ಎಂದು ನನಗೆ ಗೊತ್ತಿತ್ತು. ಡಾಕ್ಟರ ಮನೆಯೂ ಗೊತ್ತಿತ್ತು. ಹೋಗಿ ಕ್ಲಿನಿಕ್ಕಿನ ಬೀಗ ತೆಗೆಸಬಹುದಿತ್ತು. ತೆಗೆಸಬೇಕಾದರೆ ಯಾಕೆ ಎಂದು ಹೇಳಬೇಕಿತ್ತು. ಅದಕ್ಕಿಂತ ಡಬ್ಬ ಅಲ್ಲಾಡಿಸುವುದು ಸುಲಭವಾಗಿತ್ತು.

ಅಪ್ಪನಿಗೂ ಈಗ ಹೇಳಿದೆ. ಅವರು ಲಕೋಟೆಯನ್ನು ಎತ್ತಿ ನನ್ನ ಕೈಗೇ ಕೊಟ್ಟು, "ಇದನ್ನ ನೀನೇ ಹೋಗಿ ಹಾಕು" ಅಂದರು.

ಬರುವ ಭಾನುವಾರ ನಾನು ಗ್ಯಾರೇಜಿನೊಳಗೆ ಬರುವುದಿಲ್ಲ, ರಸ್ತೆಯ ಆಚೆ ನಿಂತಿರುತ್ತೇನೆ. ಅವನು ನಿನ್ನ ಕೈಗೆ ಬಂದ ಮೇಲೆ ನನ್ನನ್ನು ಕರೆಯುವುದೋ, ಹಾಗೇ ಹೊರಟುಹೋಗುವುದೋ, ನಿನಗೆ ಬಿಟ್ಟಿದ್ದೇನೆ.