ಹಲಗೆಯ ಮೇಲಿನ ಕರಿ ಗೆರೆ

ಮಾರ್ಚ್ 4, ಬೆಳಿಗ್ಗೆ 9
ನೂರಾ ಹನ್ನೆರಡು ಮೆಟ್ಟಿಲು. ಇವತ್ತೂ ಎಲ್ಲೂ ಕೂರದೆ ಹತ್ತಿದೆ. ಮಗಳು ಲೆನ್ಸ್ ಒರೆಸಿದ್ದಳು. ಮೇಲಂಚಿನಲ್ಲಿ ಬೆರಳ ಗುರುತು! ಮತ್ತೆ ಒರೆಸಿಸಿದೆ. ಲೈಟ್‌ಹೌಸ್‌ಗೆ ಕೀಪರ್ ಆದರೇನು, ನನಗೆ ಮಗಳೇ. ದೀಪದ ಕೋಣೆಯ ಹಳೆಯ ನೆಲಹಾಸು ಕೀಳಲು ಬಡಗಿ ಬಂದಿದ್ದಾನೆ.

ಅದೇ ದಿನ, 11
ಹಾಸಿನ ಕೆಳಗೆ ಹಲಗೆಯ ಮೇಲೆ ಸುಟ್ಟ ಗೆರೆ! ಬೆರಳಗಲ, ಬಿಲ್ಲಿನಂತೆ ಬಾಗಿ ಗೋಡೆಯವರೆಗೆ. ಸ್ಟವ್ ಇದ್ದ ಮೂಲೆಯಲ್ಲಿ ಒಂದು ಕಲೆಯೂ ಇಲ್ಲ.
ಇಪ್ಪತ್ತಾರು ವರ್ಷದ ಹಿಂದೆ ಇಲ್ಲಿ ಬೆಂಕಿ ಬಿದ್ದಾಗ, ಸ್ಟವ್ ಆರಿಸಲು ಮರೆತೆ ಎಂದು ಆಗ ಹೆಡ್ ಕೀಪರ್ ಆಗಿದ್ದ ನಮ್ಮ ಯಜಮಾನರೇ ವಿಚಾರಣೆಯಲ್ಲಿ ಒಪ್ಪಿಕೊಂಡರು. ಕೆಲಸ ಹೋಯಿತು. ಹೆಡ್ ಕೀಪರ್‌ಗಳ ಫಲಕದಲ್ಲಿ ಇವರ ಹೆಸರಿನ ಮೇಲೆ ಬಣ್ಣ ಬಳಿದರು. ಆ ಕೊರಗಿನಲ್ಲೇ ಹೋದರು. ನಾನು ಒಂದು ದಿನವೂ ನಂಬಲಿಲ್ಲ. ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತಿದ್ದ ಮನುಷ್ಯ!
ಇದು ಸೂರ್ಯನ ಜೊತೆ ಸರಿದ ಬಿಸಿಲಿನ ಗೆರೆ. ಹಗಲು ಲೆನ್ಸ್‌ಗೆ ಪರದೆ ಕಟ್ಟದಿದ್ದರೆ ಬಿಸಿಲು ಒಂದೆಡೆ ಕೂಡಿ ಹಲಗೆ ಹೊತ್ತುತ್ತದೆ. ಕೀಪರ್ ಮನೆಯ ಕೂಸಿಗೂ ಗೊತ್ತು.
"ಅಮ್ಮಾ, ಸ್ವಲ್ಪ ಉಸಿರು ತಗೋ. ಪೊಲೀಸ್ ಆಗ್ಬೇಕಿತ್ತು ನೀನು."
"ಆಗಿದ್ರೆ ಮೊದ್ಲು ನಿನ್ನ ಬೆರಳ ಗುರುತು ಹಿಡೀತಿದ್ದೆ ಕಣೇ!"

ಮಾರ್ಚ್ 5
ಪರದೆಯ ಕೆಲಸ ಆಗಿನ ಅಸಿಸ್ಟೆಂಟ್‌ನದು. ಇವರು ತಮ್ಮಾ, ತಮ್ಮಾ ಎಂದು ತಲೆಯ ಮೇಲೆ ಕೂರಿಸಿಕೊಂಡಿದ್ದವನು. ವಿಚಾರಣೆಗೆ ಮೊದಲೇ ಆ ಹಾಸು ಹಾಸಿದ್ದೂ ಇವರೇ... ಅವನನ್ನು ಉಳಿಸಲು! ಶುಕ್ರವಾರ ಲೈಟ್‌ಹೌಸ್ ಇಲಾಖೆಯ ಇನ್ಸ್‌ಪೆಕ್ಟರ್ ಬರುತ್ತಾರೆ. ಪುರಾವೆಯೂ ಸಾಕ್ಷಿಯೂ ಇದ್ದರೆ ಹೆಸರು ಮತ್ತೆ ಬರೆಸುತ್ತಾರಂತೆ. ಅವನ ಬಾಯಿ ಬಿಡಿಸದಿದ್ದರೆ ನಾನು ನಾನಲ್ಲ. ನಾಳೆ ಮೊದಲ ದೋಣಿಗೇ ದ್ವೀಪ ಬಿಟ್ಟು ಅವನ ಮನೆಗೆ.

ಮಾರ್ಚ್ 7
ನಿನ್ನೆ ಬರೆಯಲಾಗಲಿಲ್ಲ.
ಅವನ ಬಾಗಿಲಲ್ಲೇ ನಿಂತು ಕೇಳಿದೆ: "ಅವತ್ತು ಪರದೆ ಯಾಕೋ ಕಟ್ಟಲಿಲ್ಲ?"
ಮುದುಕ ಕುರ್ಚಿ ಎಳೆದ. "ಕೂತ್ಕೊಳ್ಳಿ ಅತ್ತಿಗೆ."
"ಕೂರೋಕೆ ಬಂದಿಲ್ಲ."
"ಕಟ್ಟಿದ್ದೆ. ಪಾಳಿ ಮುಗಿಸಿ, ಪರದೆ ಕಟ್ಟೇ ಇಬ್ರೂ ಮಲಗಿದ್ದು. ಎದ್ದು ನೋಡಿದ್ರೆ ಅದು ನಿಮ್ಮ ಬಟ್ಟೆ ಒಣಗಿಸೋ ಹಗ್ಗದ ಮೇಲಿತ್ತು."
ಕೂತೆ.
ಈಗ ನೆನಪಾಯಿತು: ಅವತ್ತು ಮೋಡದ ಬೆಳಿಗ್ಗೆ. ಬಿಸಿಲೆಲ್ಲಿ ಬರುತ್ತದೆ ಎಂದು, ಯಾರನ್ನೂ ಕೇಳದೆ ನಾನೇ ಬಿಚ್ಚಿ ತಂದೆ. ಒಗೆದು ಹರವಿ, ಹತ್ತರ ದೋಣಿಗೆ ಅಕ್ಕನ ಮನೆಗೆ ಹೋದೆ. ಮರಳಿದಾಗ, ಪರದೆಯೂ ಬೆಂಕಿಗೆ ಹೋಯಿತು ಎಂದರು. ಇವರು ಎದ್ದು ಕಟ್ಟಿದ್ದರು ಎಂದುಕೊಂಡೆ, ಬಿಚ್ಚಿ ಒಗೆದದ್ದನ್ನೇ ಮರೆತೆ.
"ಹಸಿ ಪರದೇನ ಅಣ್ಣನೇ ಒಲೆಗೆ ಹಾಕಿದ. ನನ್ನಿಂದ ಆಣೆ ಹಾಕಿಸ್ಕೊಂಡ. 'ತಲೆ ಎತ್ತಿ ನಡೆಯೋಳು ಕಣೋ ಅವಳು. ಹಾಗೇ ನಡೀಲಿ' ಅಂದ."

ಮಾರ್ಚ್ 8, ಶುಕ್ರವಾರ, 10
ದೋಣಿ ಬಂತು. ಮಗಳಿಗೆ ಎಲ್ಲಾ ಹೇಳಿದ್ದೇನೆ.
"ಗೆರೆ ತೋರಿಸಿದ್ರೆ ಸಾಕಮ್ಮಾ. ಪರದೆ ತಾನಾಗೇ ಬಿಚ್ಕೊಂಡಿತ್ತು ಅನ್ನೋಣ."
"ನಿಮ್ಮಪ್ಪ ಕಲಿಸಿದ ಗಂಟು ತಾನಾಗೇ ಬಿಚ್ಕೊಳ್ಳುತ್ತಾ? ಇನ್ನೊಂದು ಸಲ ಅನ್ನು ನೋಡೋಣ!"
ಮಗಳು ನನ್ನ ಕೈ ಹಿಡಿದಳು. ಬಿಡಿಸಿಕೊಳ್ಳಲಿಲ್ಲ.
ಇನ್ಸ್‌ಪೆಕ್ಟರ್ ಮೇಲೆ ಹತ್ತುತ್ತಿದ್ದಾರೆ. ಏದುಸಿರು ಇಲ್ಲಿಗೇ ಕೇಳುತ್ತಿದೆ. ಮೊದಲ ಮಾತು ಬರೆದಿಟ್ಟುಕೊಂಡರೆ ನಾಲಿಗೆ ತೊದಲುವುದಿಲ್ಲ—
ಸಾರ್, ಪರದೆ ಬಿಚ್ಚಿದವಳು